ಜೆನ್ನಿ ಹೆರ್ಮೊಸೊ: ಗೋಲು ಗಳಿಕೆಯಲ್ಲಿ ಎತ್ತಿದ ಕೈ ಆಗಿದ್ದವರನ್ನು ವಿಶ್ವಕಪ್‌ನಲ್ಲಿ ಹಿಂದಕ್ಕೆ ಸರಿಸಿದ್ದು ಏಕೆ?

ಒಂಬತ್ತನೇ ನಂಬರ್
ಎಲ್ಲರಿಗೂ ನಮಸ್ಕಾರ. ಸ್ಪೇನ್ ಮಹಿಳಾ ತಂಡದ ಹಳೆಯ ಪಂದ್ಯಗಳನ್ನು ಮತ್ತೆ ನೋಡುತ್ತಿರುವಾಗ ಹುಟ್ಟಿದ ಪ್ರಶ್ನೆಯಿದು. ಜೆನ್ನಿ ಹೆರ್ಮೊಸೊ ಸ್ಪೇನ್ ಲೀಗ್‌ನಲ್ಲಿ ಐದು ಬಾರಿ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರ್ತಿ. 2016-17ರ ಒಂದೇ ಋತುವಿನಲ್ಲಿ 35 ಗೋಲು ಹೊಡೆದವರು, ರಾಷ್ಟ್ರೀಯ ತಂಡಕ್ಕೆ 50ಕ್ಕೂ ಹೆಚ್ಚು ಗೋಲು ತಂದುಕೊಟ್ಟವರು. ಇಂಥವರನ್ನು 2023ರ ವಿಶ್ವಕಪ್‌ನಲ್ಲಿ ತರಬೇತುದಾರ ಹೋರ್ಹೆ ವಿಲ್ಡಾ ಮುಂಚೂಣಿಯಲ್ಲಿ ನಿಲ್ಲಿಸದೆ, ಮಧ್ಯಭಾಗದ ಎಡಗಡೆಯಲ್ಲಿ ಐತಾನಾ ಬೊನ್ಮತಿ ಮತ್ತು ತೆರೇಸಾ ಅಬೆಯೆರಾ ಅವರ ಜೊತೆ ಆಡಿಸಿದರು. ತಂಡವೇನೋ ಕಪ್ ಗೆದ್ದಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಷ್ಟು ಗೋಲು ಹೊಡೆದವರನ್ನು ಗೋಲುಪೆಟ್ಟಿಗೆಯಿಂದ ದೂರವಿಡುವುದರಲ್ಲಿ ಯಾವ ಜಾಣತನವಿದೆ? ಅಥವಾ ಅವರು ಮೊದಲಿನಿಂದಲೂ ನಾವು ಅಂದುಕೊಂಡಂಥ ಸ್ಟ್ರೈಕರ್ ಆಗಿರಲೇ ಇಲ್ಲವೇ?

ತುಂಗಾತೀರ
ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಉತ್ತರವಿದೆ. ಅವರು ಪೆನಾಲ್ಟಿ ಆವರಣದೊಳಗೆ ಕಾದು ನಿಲ್ಲುವ ಸ್ಟ್ರೈಕರ್ ಎಂದೂ ಆಗಿರಲಿಲ್ಲ.

ಕರಾವಳಿ ಕಿಕ್
ತುಂಗಾತೀರ ಅವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 2020-21ರ ಬಾರ್ಸಿಲೋನಾ ತಂಡವನ್ನು ನೆನಪಿಸಿಕೊಳ್ಳಿ. ಕಾಗದದ ಮೇಲೆ ಹೆರ್ಮೊಸೊ ಅವರೇ ನಡುವಿನ ಮುಂಚೂಣಿ ಆಟಗಾರ್ತಿ, ಅವರ ಒಂದು ಪಕ್ಕದಲ್ಲಿ ಲೀಕೆ ಮಾರ್ಟೆನ್ಸ್, ಇನ್ನೊಂದು ಪಕ್ಕದಲ್ಲಿ ಕ್ಯಾರೊಲಿನ್ ಗ್ರಹಾಮ್ ಹ್ಯಾನ್ಸನ್. ಆದರೆ ಆಟ ಶುರುವಾದ ಮೇಲೆ ಅವರು ಎದುರಾಳಿಯ ಇಬ್ಬರು ಸೆಂಟರ್ ಬ್ಯಾಕ್‌ಗಳ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳ) ನಡುವೆ ನಿಲ್ಲುತ್ತಲೇ ಇರಲಿಲ್ಲ. ಹತ್ತಿಪ್ಪತ್ತು ಹೆಜ್ಜೆ ಹಿಂದಕ್ಕೆ ಬಂದು, ಗೋಲಿಗೆ ಬೆನ್ನು ಮಾಡಿ ಚೆಂಡನ್ನು ಪಡೆದು, ಒಂದೇ ಸ್ಪರ್ಶದಲ್ಲಿ ಅದನ್ನು ಬದಿಯಿಂದ ನುಗ್ಗುತ್ತಿದ್ದವರ ಓಟಕ್ಕೆ ಸರಿಯಾಗಿ ಇಟ್ಟುಬಿಡುತ್ತಿದ್ದರು. ಹಿಂಬಾಲಿಸಿದರೆ ಬೆನ್ನ ಹಿಂದೆ ಜಾಗ ತೆರೆದುಕೊಳ್ಳುತ್ತದೆ, ಹಿಂಬಾಲಿಸದಿದ್ದರೆ ಹೆರ್ಮೊಸೊ ಆರಾಮಾಗಿ ತಿರುಗಿ ಆಟ ಕಟ್ಟುತ್ತಾರೆ. ಡಿಫೆಂಡರ್‌ಗಳಿಗೆ ಎರಡೂ ಕಡೆ ಇಕ್ಕಟ್ಟು. ಫಾಲ್ಸ್ ನೈನ್ ಎಂದು ಕರೆಯುವುದು ಇದನ್ನೇ. ಓಟದ ವೇಗವೇ ಬೇಕಾದಾಗ ಬಾರ್ಸಿಲೋನಾಕ್ಕೆ ನೈಜೀರಿಯಾದ ಅಸಿಸತ್ ಒಶೋವಾಲಾ ಇದ್ದರು.

ಒಪ್ಪದಿರುವ ಅರ್ಧ ಇದು: ಹಾಗೆ ಆಡುತ್ತಲೇ ಅವರು ಆ ಋತುವಿನಲ್ಲಿ ಲೀಗ್‌ನಲ್ಲಿ 31 ಗೋಲು ಹೊಡೆದರು. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಚೆಲ್ಸಿಯ ಫ್ರಾನ್ ಕರ್ಬಿ ಅವರ ಜೊತೆ ಆರು ಗೋಲುಗಳೊಂದಿಗೆ ಅಗ್ರಸ್ಥಾನ ಹಂಚಿಕೊಂಡರು. ಸ್ಟ್ರೈಕರ್ ಅಲ್ಲದವರು ಇಷ್ಟು ಗೋಲು ಹೊಡೆಯುತ್ತಾರೆಯೇ?

ಹಳೇ ಗೋಲಿ
ಕಾಲೇಜು ದಿನಗಳಲ್ಲಿ ಗೋಲ್‌ಕೀಪರ್ ಆಗಿದ್ದವನಾದ್ದರಿಂದ ಒಂದು ಮಾತು. ಜೋರಾಗಿ ಒದೆಯುವವರಿಗಿಂತ ನಿಧಾನವಾಗಿ ನೋಡಿ ಒದೆಯುವವರೇ ಕೀಪರ್‌ಗೆ ಹೆಚ್ಚು ಕಷ್ಟ. 2019ರ ವಿಶ್ವಕಪ್‌ನಲ್ಲಿ ರೀಮ್ಸ್‌ನಲ್ಲಿ ನಡೆದ ಅಮೆರಿಕ ವಿರುದ್ಧದ ಪಂದ್ಯವನ್ನು ನೋಡಿ. ಅಮೆರಿಕದ ಕೀಪರ್ ಅಲಿಸಾ ನೇಹರ್ ತನ್ನ ಆವರಣದ ಅಂಚಿನಲ್ಲಿದ್ದ ಬೆಕಿ ಸಾವರ್‌ಬ್ರನ್‌ಗೆ ಚಿಕ್ಕ ಪಾಸ್ ಕೊಟ್ಟರು, ಸ್ಪೇನ್‌ನ ಲೂಸಿಯಾ ಗಾರ್ಸಿಯಾ ಮೈಮೇಲೆ ಬಿದ್ದಂತೆ ನುಗ್ಗಿ ಅದನ್ನು ಕಸಿದರು, ಚೆಂಡು ಹೆರ್ಮೊಸೊ ಕಾಲಿಗೆ ಬಂತು. ಬೇರೆ ಯಾರೇ ಆಗಿದ್ದರೂ ಆ ಗಡಿಬಿಡಿಯಲ್ಲಿ ಬಲವಾಗಿ ಒದ್ದು ಬಿಡುತ್ತಿದ್ದರು. ಇವರು ತಲೆ ಎತ್ತಿ ಒಮ್ಮೆ ನೋಡಿ, ಕೀಪರ್ ತಲೆಯ ಮೇಲಿಂದ ದೂರದ ಮೂಲೆಗೆ ಬಾಗಿ ಇಳಿಯುವಂತೆ ಚೆಂಡನ್ನು ತೇಲಿಸಿದರು. ಆ ಪಂದ್ಯವನ್ನು ಸ್ಪೇನ್ 2-1ರಿಂದ ಸೋತಿತು, ಮೇಗನ್ ರಪಿನೋ ಅವರ ಎರಡೂ ಗೋಲುಗಳು ಪೆನಾಲ್ಟಿಯಿಂದ ಬಂದವು. ಮೈದಾನದ ಆಟದಿಂದ ಬಂದದ್ದು ಈ ಒಂದೇ ಗೋಲು.

ಸಂಜೆ ಲೀಗ್
ಹೊಗಳಿಕೆಗೆ ಸ್ವಲ್ಪ ತಡೆ ಹಾಕುತ್ತೇನೆ, ಬೇಸರಿಸಬೇಡಿ. ಆಗಿನ ಸ್ಪೇನ್ ಲೀಗ್‌ನಲ್ಲಿ ಎರಡು ಮೂರು ತಂಡಗಳನ್ನು ಬಿಟ್ಟರೆ ಉಳಿದವು ದುರ್ಬಲ. ರಾಷ್ಟ್ರೀಯ ತಂಡದ ಗೋಲುಗಳ ಕಥೆಯೂ ಅಷ್ಟೆ. 2021ರ ಫೆಬ್ರವರಿಯಲ್ಲಿ ಅಜರ್‌ಬೈಜಾನ್ ವಿರುದ್ಧ ಸ್ಪೇನ್ 13-0 ಅಂತರದಿಂದ ಗೆದ್ದಿತ್ತು. ಇಂಥ ಪಂದ್ಯಗಳನ್ನೂ ಲೆಕ್ಕಕ್ಕೆ ಹಿಡಿದು 50ಕ್ಕೂ ಹೆಚ್ಚು ಗೋಲು ಎಂದು ಬೆನ್ನು ತಟ್ಟಿಕೊಳ್ಳುವುದು ಎಷ್ಟು ಸರಿ?

ಕರಾವಳಿ ಕಿಕ್
ಸಂಜೆ ಲೀಗ್ ಅವರೇ, ಹಾಗಾದರೆ 2016-17ರ ಋತುವನ್ನು ಏನೆನ್ನುತ್ತೀರಿ? ಹೆರ್ಮೊಸೊ ಬಾರ್ಸಿಲೋನಾ ಪರ 35 ಗೋಲು ಹೊಡೆದರೂ ಲೀಗ್ ಪ್ರಶಸ್ತಿ ಒಂದೂ ಪಂದ್ಯ ಸೋಲದ ಅಟ್ಲೆಟಿಕೊ ಮ್ಯಾಡ್ರಿಡ್ ಪಾಲಾಯಿತು. ಆ ಲೀಗ್ ನೀವು ಹೇಳುವಷ್ಟು ಸಲೀಸಾಗಿದ್ದರೆ ಬಾರ್ಸಿಲೋನಾ ಕೈಯಿಂದ ಕಿರೀಟ ಜಾರುತ್ತಲೇ ಇರಲಿಲ್ಲ. ಆಮೇಲೆ ಅವರು ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ ಹೋಗಿ 2018ರಲ್ಲಿ ಫ್ರಾನ್ಸ್ ಕಪ್ ಗೆದ್ದರು, ಅಲ್ಲಿಂದ ಅಟ್ಲೆಟಿಕೊಗೆ ಮರಳಿ 2018-19ರಲ್ಲಿ 24 ಗೋಲು ಹೊಡೆದು ಅವರನ್ನೂ ಚಾಂಪಿಯನ್ ಮಾಡಿದರು. ಹೋದಲ್ಲೆಲ್ಲ ಗೋಲು ಹೊಡೆದವರನ್ನು ಲೀಗ್ ದುರ್ಬಲ ಎಂದು ತಳ್ಳಿಹಾಕಲಾಗದು.

ಸಂಜೆ ಲೀಗ್
ಪ್ಯಾರಿಸ್‌ನಲ್ಲಿ ಇದ್ದದ್ದು ಒಂದೇ ಋತು. ಅಲ್ಲಿ ಅವರು ಸ್ಪೇನ್‌ನಲ್ಲಿ ಮೆರೆದ ಹಾಗೆ ಮೆರೆಯಲಿಲ್ಲ ಎಂಬುದನ್ನೂ ಸೇರಿಸಿ ಹೇಳಿ. ಆದರೂ ಅಟ್ಲೆಟಿಕೊ ಮಾತನ್ನು ಒಪ್ಪುತ್ತೇನೆ.

ನೀಲಿ ಕೆಂಪು
ಅಟ್ಲೆಟಿಕೊ ಅವರಿಗೆ ತವರುಮನೆ ಇದ್ದಂತೆ. ಹುಟ್ಟಿದ್ದು 1990ರ ಮೇ 9ರಂದು ಮ್ಯಾಡ್ರಿಡ್‌ನಲ್ಲಿ. ಅಜ್ಜ ಒಂದು ಕಾಲಕ್ಕೆ ಅದೇ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದರು, ಮೊಮ್ಮಗಳು ಫುಟ್‌ಬಾಲ್ ಕಲಿತದ್ದೂ ಅದೇ ಕ್ಲಬ್ಬಿನಲ್ಲಿ. ಆದರೆ ಮೊದಲ ಲೀಗ್ ಪ್ರಶಸ್ತಿ ಸಿಕ್ಕಿದ್ದು ನೆರೆಯ ರಾಯೊ ವಲ್ಲೆಕಾನೊದಲ್ಲಿ, 2010-11ರಲ್ಲಿ. ರಾಯೊ ಮಹಿಳಾ ತಂಡ ಆಗ ಸ್ಪೇನ್‌ನ ಚಾಂಪಿಯನ್ ಆಗಿತ್ತು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. 2019ರ ಮಾರ್ಚ್‌ನಲ್ಲಿ ಅಟ್ಲೆಟಿಕೊದ ಹೊಸ ಕ್ರೀಡಾಂಗಣದಲ್ಲಿ ಬಾರ್ಸಿಲೋನಾ ವಿರುದ್ಧದ ಪಂದ್ಯಕ್ಕೆ 60,739 ಮಂದಿ ಸೇರಿದ್ದರು. ಅಂದು ಬಾರ್ಸಿಲೋನಾ 2-0ರಿಂದ ಗೆದ್ದಿತು, ಆದರೆ ಲೀಗ್ ಅಟ್ಲೆಟಿಕೊಗೇ ಉಳಿಯಿತು.

ಉತ್ತರ ಧ್ರುವ
ಸ್ವೀಡನ್ ಅಧ್ಯಾಯವನ್ನು ಎಲ್ಲರೂ ಮರೆತಿದ್ದೀರಿ. 2013ರಲ್ಲಿ ಅವರು ಟೈರೆಸೊ ಎಂಬ ಕ್ಲಬ್ಬಿಗೆ ಹೋಗಿದ್ದರು. ಬ್ರೆಜಿಲ್‌ನ ಮಾರ್ತಾ ಮತ್ತು ಸ್ಪೇನ್‌ನವರೇ ಆದ ವೆರೋ ಬೊಕೆಟೆ ಇದ್ದ ತಂಡವದು. ಮುಂದಿನ ವರ್ಷ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿ ವುಲ್ಫ್ಸ್‌ಬರ್ಗ್‌ಗೆ 4-3ರಿಂದ ಸೋತ ಅದೇ ಕ್ಲಬ್ ಹಣವಿಲ್ಲದೆ ಆ ವರ್ಷವೇ ಲೀಗ್‌ನಿಂದ ಹೊರಬಿತ್ತು. ಹೆರ್ಮೊಸೊ ಅಷ್ಟರಲ್ಲಿ ಬಾರ್ಸಿಲೋನಾ ಸೇರಿಯಾಗಿತ್ತು. ಆ ಕಾಲದಲ್ಲಿ ಸ್ಪೇನ್‌ನ ಆಟಗಾರ್ತಿಯರಿಗೆ ಹೊರದೇಶಕ್ಕೆ ಹೋಗುವುದೇ ಸಂಪಾದನೆಯ ದಾರಿಯಾಗಿತ್ತು. ತಮ್ಮ ದೇಶದಲ್ಲಿ ಕನಿಷ್ಠ ವೇತನದ ಒಪ್ಪಂದಕ್ಕಾಗಿ ಅವರು 2019ರ ನವೆಂಬರ್‌ನಲ್ಲಿ ಮುಷ್ಕರ ಹೂಡಬೇಕಾಯಿತು, ಒಪ್ಪಂದಕ್ಕೆ ಸಹಿ ಬಿದ್ದದ್ದು 2020ರ ಫೆಬ್ರವರಿಯಲ್ಲಿ.

ಮೂರು ಕಂಬ
ವೇತನದ ವಿಷಯಕ್ಕೆ ಬೇರೆ ಎಳೆ ತೆರೆಯಬಹುದು. ಪ್ರಶ್ನೆ ಇದ್ದದ್ದು 2023ರ ವಿಶ್ವಕಪ್ ಬಗ್ಗೆ.

ತುಂಗಾತೀರ
ಸರಿ, ಅಲ್ಲಿಗೇ ಬರೋಣ. ಆಗ ಹೆರ್ಮೊಸೊ ಅವರಿಗೆ 33 ವರ್ಷ. 2022ರ ಬೇಸಿಗೆಯಲ್ಲಿ ಮೊಣಕಾಲಿನ ಗಾಯದಿಂದ ಯುರೋಪಿನ ದೇಶಗಳ ಯುರೋ ಟೂರ್ನಿ ತಪ್ಪಿಸಿಕೊಂಡಿದ್ದರು. ಮಧ್ಯಭಾಗದ ಆಟಗಾರ್ತಿ ಅಲೆಕ್ಸಿಯಾ ಪುತೆಯಾಸ್ ಕೂಡ ಅದೇ ಯುರೋಗೆ ಮೊದಲು ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು, ವಿಶ್ವಕಪ್ ಹೊತ್ತಿಗೆ ಆಗತಾನೇ ಚೇತರಿಸಿಕೊಳ್ಳುತ್ತಿದ್ದರು. ತರಬೇತುದಾರರ ವಿರುದ್ಧದ ಅಸಮಾಧಾನದಿಂದ ಪತ್ರಿ ಗಿಹಾರೊ, ಮಾಪಿ ಲಿಯೋನ್, ಕ್ಲೌದಿಯಾ ಪಿನಾ ತಂಡಕ್ಕೆ ಬರಲೇ ಇಲ್ಲ. ಹೀಗಾಗಿ ಮಧ್ಯಭಾಗದಲ್ಲಿ ಚೆಂಡನ್ನು ಹಿಡಿದಿಟ್ಟುಕೊಂಡು ಆಟದ ಲಯವನ್ನು ನಿರ್ಧರಿಸಬಲ್ಲ ಅನುಭವಿ ಒಬ್ಬರು ಬೇಕೇ ಬೇಕಿತ್ತು. ಮುಂದುಗಡೆ ವೇಗಕ್ಕೆ ಹತ್ತೊಂಬತ್ತರ ಹರೆಯದ ಸಲ್ಮಾ ಪಾರಾಯುಯೆಲೊ ಇದ್ದರು, ಅಥ್ಲೆಟಿಕ್ಸ್‌ನಲ್ಲಿ 400 ಮೀಟರ್ ಓಡುತ್ತಿದ್ದ ಹುಡುಗಿ. ಹೆರ್ಮೊಸೊ ಅವರನ್ನು ಹಿಂದಕ್ಕೆ ತಂದದ್ದು ಶಿಕ್ಷೆಯಲ್ಲ, ವಿಲ್ಡಾ ಅವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲದಿದ್ದರೂ ಇದೊಂದು ನಿರ್ಧಾರ ಸರಿಯಾಗಿತ್ತು ಎನ್ನುತ್ತೇನೆ.

ಅಲ್ಲಿಂದಲೂ ಅವರು ಮೂರು ಗೋಲು ಹೊಡೆದರು ಎಂಬುದು ನೆನಪಿರಲಿ. ಜಾಂಬಿಯಾ ವಿರುದ್ಧ ಎರಡು, ಸ್ವಿಟ್ಜರ್ಲೆಂಡ್ ವಿರುದ್ಧ ಒಂದು. ಜಾಂಬಿಯಾ ವಿರುದ್ಧದ್ದು ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯವಾಗಿತ್ತು.

ಒಂಬತ್ತನೇ ನಂಬರ್
ಗೈರುಹಾಜರಾದವರ ಪಟ್ಟಿಯನ್ನು ಈ ಕೋನದಿಂದ ನಾನು ನೋಡಿರಲಿಲ್ಲ, ಧನ್ಯವಾದ. ಆದರೆ ಜಪಾನ್ ವಿರುದ್ಧ 4-0 ಸೋತದ್ದೂ ಇದೇ ವ್ಯವಸ್ಥೆಯಲ್ಲಿ ಅಲ್ಲವೇ? ಚೆಂಡು ಬಹುಪಾಲು ಸ್ಪೇನ್ ಬಳಿಯೇ ಇತ್ತು, ಗೋಲು ಮಾತ್ರ ಜಪಾನ್‌ಗೆ.

ತುಂಗಾತೀರ
ಅದು ಹಿಂಭಾಗದ ತೂತು. ಆ ಪಂದ್ಯದ ನಂತರ ವಿಲ್ಡಾ ಕೀಪರ್ ಸೇರಿದಂತೆ ಐವರನ್ನು ಬದಲಿಸಿದರು. ಹೆರ್ಮೊಸೊ ಅವರನ್ನು ಬದಲಿಸಲಿಲ್ಲ.

ಹಳೇ ಗೋಲಿ
ಎಲ್ಲವೂ ಸರಿ, ಪೆನಾಲ್ಟಿ ವಿಷಯಕ್ಕೆ ಯಾರೂ ಬರುತ್ತಿಲ್ಲವೇಕೆ? ಅದೇ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಕೋಸ್ಟರಿಕಾ ಕೀಪರ್ ದನಿಯೆಲಾ ಸೊಲೆರಾ ಇವರ ಪೆನಾಲ್ಟಿ ತಡೆದರು. ನೆದರ್‌ಲೆಂಡ್ಸ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಪೆನಾಲ್ಟಿ ಸಿಕ್ಕಾಗ ಮರಿಯೋನಾ ಕಾಲ್ದೆಂತೆ ಒದ್ದರು, ಚೆಂಡು ಕಂಬಕ್ಕೆ ತಾಗಿ ಒಳಹೋಯಿತು. ಇಂಗ್ಲೆಂಡ್ ವಿರುದ್ಧದ ಸಿಡ್ನಿಯ ಫೈನಲ್‌ನಲ್ಲಿ ಕೀರಾ ವಾಲ್ಶ್ ಕೈಗೆ ಚೆಂಡು ತಾಗಿ ಪೆನಾಲ್ಟಿ ಬಂದಾಗ ಮತ್ತೆ ಹೆರ್ಮೊಸೊ ಮುಂದೆ ಬಂದರು. ರೆಫರಿ ಪರದೆ ನೋಡಿ ತೀರ್ಮಾನಿಸುವ ತನಕ ಅಷ್ಟು ಹೊತ್ತು ಕಾಯಬೇಕಾಯಿತು, ಆ ಕಾಯುವಿಕೆಯಲ್ಲಿ ಲಾಭವಾಗುವುದು ಯಾವಾಗಲೂ ಕೀಪರ್‌ಗೆ. ಮೇರಿ ಅರ್ಪ್ಸ್ ಸರಿಯಾದ ಕಡೆ ಜಿಗಿದು ಚೆಂಡನ್ನು ಹಿಡಿದೇ ಬಿಟ್ಟರು. 29ನೇ ನಿಮಿಷದಲ್ಲಿ ಓಲ್ಗಾ ಕಾರ್ಮೊನಾ ಹೊಡೆದ ಗೋಲು ಇರದಿದ್ದರೆ ಇಂದು ನಾವು ಹೆರ್ಮೊಸೊ ಬಗ್ಗೆ ಬೇರೆಯದೇ ದನಿಯಲ್ಲಿ ಮಾತನಾಡುತ್ತಿದ್ದೆವು.

ಮೂರು ಕಂಬ
2019ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ತಂಡ ಒಂದು ಗೋಲಿನಿಂದ ಹಿಂದಿದ್ದಾಗ ಎರಡು ಪೆನಾಲ್ಟಿಗಳನ್ನೂ ಗೋಲಾಗಿಸಿದವರು ಇದೇ ಹೆರ್ಮೊಸೊ. ವಿಶ್ವಕಪ್‌ನಲ್ಲಿ ಸ್ಪೇನ್ ಮಹಿಳೆಯರ ಮೊಟ್ಟಮೊದಲ ಗೆಲುವು ಅದು. ಒಂದು ಟೂರ್ನಿ ಹಿಡಿದು ಅಳೆಯುವುದು ಬೇಡ.

ಸಂಜೆ ಲೀಗ್
2015ರಲ್ಲಿ ಸ್ಪೇನ್ ಒಂದೂ ಪಂದ್ಯ ಗೆಲ್ಲಲಿಲ್ಲವೇ?

ಮೂರು ಕಂಬ
ಇಲ್ಲ. ಕೋಸ್ಟರಿಕಾ ಜೊತೆ 1-1 ಸಮ, ಬ್ರೆಜಿಲ್‌ಗೆ 1-0, ದಕ್ಷಿಣ ಕೊರಿಯಾಗೆ 2-1ರಿಂದ ಸೋಲು. 1988ರಿಂದ ತರಬೇತುದಾರರಾಗಿದ್ದ ಇಗ್ನಾಸಿಯೊ ಕೆರೆದಾ ಅವರ ವಿರುದ್ಧ ಆಟಗಾರ್ತಿಯರೆಲ್ಲ ಒಟ್ಟಾಗಿ ದನಿಯೆತ್ತಿದ್ದು ಆ ಟೂರ್ನಿಯ ಬೆನ್ನಿಗೇ. ಹೆರ್ಮೊಸೊ ಆ ತಂಡದಲ್ಲೂ ಇದ್ದರು. ಅಂದರೆ ಒಂದೂ ಪಂದ್ಯ ಗೆಲ್ಲದ ತಂಡದಿಂದ ಹಿಡಿದು ವಿಶ್ವಕಪ್ ಎತ್ತಿದ ತಂಡದವರೆಗೆ ಎಂಟು ವರ್ಷದ ಹಾದಿಯನ್ನು ಮೈದಾನದಲ್ಲಿ ನಿಂತೇ ಕಂಡ ಕೆಲವೇ ಮಂದಿಯಲ್ಲಿ ಅವರೂ ಒಬ್ಬರು.

ಹೊಸಬ
ಇಷ್ಟೆಲ್ಲ ಬರೆದಿದ್ದೀರಿ, ಆದರೆ ಫೈನಲ್ ನಂತರದ ವೇದಿಕೆಯ ಘಟನೆಯ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನನ್ನಂಥವರಿಗೆ ಅವರ ಹೆಸರು ಗೊತ್ತಾದದ್ದೇ ಅದರಿಂದ.

ನೀಲಿ ಕೆಂಪು
ಅದೇ ನನಗೆ ಬೇಸರದ ಸಂಗತಿ. ಬಾರ್ಸಿಲೋನಾ ಪರ 181 ಗೋಲು ಹೊಡೆದು, ಕ್ಲಬ್ ಬಿಡುವಾಗ ಅದರ ಇತಿಹಾಸದಲ್ಲೇ ಹೆಚ್ಚು ಗೋಲು ಗಳಿಸಿದ್ದವರು ಮತ್ತೊಬ್ಬರ ತಪ್ಪಿನಿಂದ ಜಗತ್ತಿಗೆ ಪರಿಚಯವಾಗಬೇಕಾಯಿತು.

ಉತ್ತರ ಧ್ರುವ
ಹೊಸಬರ ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ವಿವರವಾಗಿ ಉತ್ತರಿಸುತ್ತೇನೆ. 2023ರ ಆಗಸ್ಟ್ 20ರಂದು ಪದಕ ಪ್ರದಾನದ ವೇಳೆ ಸ್ಪೇನ್ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್ ಅವರು ಹೆರ್ಮೊಸೊ ಅವರ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು ತುಟಿಗೆ ಮುತ್ತಿಟ್ಟರು. ಅದಕ್ಕೆ ತನ್ನ ಸಮ್ಮತಿ ಇರಲಿಲ್ಲ ಎಂದು ಹೆರ್ಮೊಸೊ ಸ್ಪಷ್ಟವಾಗಿ ಹೇಳಿದರು. ರುಬಿಯಾಲೆಸ್ ಆಗಸ್ಟ್ 25ರಂದು ರಾಜೀನಾಮೆ ಕೊಡುವುದಿಲ್ಲವೆಂದು ಹಟ ಹಿಡಿದಾಗ, ಆ ಆಡಳಿತ ಇರುವ ತನಕ ದೇಶಕ್ಕೆ ಆಡುವುದಿಲ್ಲವೆಂದು ಆಗಿನ ಹಾಗೂ ಹಿಂದಿನ ಆಟಗಾರ್ತಿಯರು ಸೇರಿ 81 ಮಂದಿ ಸಹಿ ಹಾಕಿದರು. ಮರುದಿನ ಫಿಫಾ ರುಬಿಯಾಲೆಸ್ ಅವರನ್ನು ಅಮಾನತು ಮಾಡಿತು, ಸೆಪ್ಟೆಂಬರ್ 10ರಂದು ಅವರು ಸ್ಥಾನ ಬಿಟ್ಟರು. ಅದಕ್ಕೂ ಮೊದಲೇ ವಿಲ್ಡಾ ಕೆಲಸ ಕಳೆದುಕೊಂಡಿದ್ದರು. 2025ರ ಫೆಬ್ರವರಿಯಲ್ಲಿ ನ್ಯಾಯಾಲಯ ರುಬಿಯಾಲೆಸ್ ಅವರನ್ನು ಲೈಂಗಿಕ ದೌರ್ಜನ್ಯದ ಅಪರಾಧಿ ಎಂದು ತೀರ್ಮಾನಿಸಿ 10,800 ಯೂರೊ ದಂಡ ವಿಧಿಸಿತು, ಒಂದು ವರ್ಷ ಹೆರ್ಮೊಸೊ ಅವರ 200 ಮೀಟರ್ ಸಮೀಪ ಬರಬಾರದೆಂದೂ ಹೇಳಿತು. ಘಟನೆಗೆ ಸಮ್ಮತಿ ಇತ್ತೆಂದು ಹೇಳುವಂತೆ ಒತ್ತಡ ಹೇರಿದ ಆರೋಪದಿಂದ ಮಾತ್ರ ಅವರನ್ನೂ ವಿಲ್ಡಾ ಸೇರಿದಂತೆ ಉಳಿದ ಮೂವರನ್ನೂ ಖುಲಾಸೆಗೊಳಿಸಿತು.

ಇದರ ಫುಟ್‌ಬಾಲ್ ಪರಿಣಾಮವನ್ನೂ ನೋಡಿ. ಹೊಸ ತರಬೇತುದಾರ್ತಿ ಮೊಂಸೆ ತೋಮೆ ತಮ್ಮ ಮೊದಲ ಪಟ್ಟಿಯಲ್ಲಿ ಹೆರ್ಮೊಸೊ ಅವರನ್ನು ಕೈಬಿಟ್ಟು, ಅವರನ್ನು ರಕ್ಷಿಸುವುದಕ್ಕಾಗಿ ಹೀಗೆ ಮಾಡಿದೆ ಎಂದರು. ಯಾವುದರಿಂದ ರಕ್ಷಣೆ, ಯಾರಿಂದ ರಕ್ಷಣೆ ಎಂದು ಹೆರ್ಮೊಸೊ ಬಹಿರಂಗವಾಗಿಯೇ ಕೇಳಿದರು. ತಪ್ಪು ಮಾಡಿದವರು ಒಬ್ಬರು, ಮನೆಯಲ್ಲಿ ಕೂರಬೇಕಾದವರು ಇನ್ನೊಬ್ಬರು.

ಕರಾವಳಿ ಕಿಕ್
ಮುಂದಿನ ತಿಂಗಳೇ ತಂಡಕ್ಕೆ ಮರಳಿದರು. 2023ರ ಅಕ್ಟೋಬರ್ 27ರಂದು ಸಲೆರ್ನೊದಲ್ಲಿ ಇಟಲಿ ವಿರುದ್ಧ 89ನೇ ನಿಮಿಷದವರೆಗೂ ಗೋಲಿಲ್ಲ, ಆಗ ಪಂದ್ಯದ ಏಕೈಕ ಗೋಲು ಬಂದದ್ದು ಹೆರ್ಮೊಸೊ ಕಾಲಿನಿಂದ. 2024ರ ಫೆಬ್ರವರಿಯಲ್ಲಿ ನೇಷನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ಒಂದು ಗೋಲು, ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಕೊಲಂಬಿಯಾ ಎರಡು ಗೋಲಿನಿಂದ ಮುಂದಿದ್ದಾಗ ಮರಳಿ ಹೋರಾಟಕ್ಕೆ ದಾರಿ ತೆರೆದ ಗೋಲೂ ಇವರದೇ. ಇವೆಲ್ಲ ಅಜರ್‌ಬೈಜಾನ್ ವಿರುದ್ಧ ಹೊಡೆದವಲ್ಲ, ಸಂಜೆ ಲೀಗ್ ಅವರೇ.

ಸಂಜೆ ಲೀಗ್
ಗಮನಿಸಿದ್ದೇನೆ. ಆದರೆ ಆ ಒಲಿಂಪಿಕ್ಸ್‌ನಲ್ಲಿ ಪದಕವೂ ಬರಲಿಲ್ಲ ಎಂಬುದನ್ನು ನೀವೂ ಗಮನಿಸಿ. ನಾಲ್ಕನೇ ಸ್ಥಾನ.

ಗಡಿ ರೇಖೆ
ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಮಾತು ಬರಲೇ ಇಲ್ಲ. 2021ರಲ್ಲಿ ಅಲೆಕ್ಸಿಯಾ ಮೊದಲು, ಹೆರ್ಮೊಸೊ ಎರಡನೆಯವರು, ಸ್ಯಾಮ್ ಕೆರ್ ಮೂರನೆಯವರು. ಗೋಲು ಹೆಚ್ಚು ಹೊಡೆದವರಿಗೆ ಎರಡನೇ ಸ್ಥಾನ ಏಕೆ ಎಂದು ಅಂದೇ ನನಗನಿಸಿತ್ತು.

ನೀಲಿ ಕೆಂಪು
ಅಲೆಕ್ಸಿಯಾ ಅವರಿಗೆ ಆ ವರ್ಷ ಸಿಕ್ಕಿದ್ದು ಸರಿಯೇ. ಗೊಥೆನ್‌ಬರ್ಗ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾ ಚೆಲ್ಸಿಯನ್ನು 4-0ರಿಂದ ಮಣಿಸಿದಾಗ ಮಧ್ಯಭಾಗವನ್ನು ಆಳಿದವರು ಅವರೇ. ಆದರೆ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಆ ಋತುವಿನ ಶ್ರೇಷ್ಠ ಮುಂಚೂಣಿ ಆಟಗಾರ್ತಿ ಎಂದು ಆರಿಸಿದ್ದು ಹೆರ್ಮೊಸೊ ಅವರನ್ನು. ಅವರು ಸ್ಟ್ರೈಕರ್ ಹೌದೋ ಅಲ್ಲವೋ ಎಂಬ ಇಲ್ಲಿಯ ಜಗಳಕ್ಕೆ ಇದೂ ಒಂದು ಸಾಕ್ಷಿ.

ಪಶ್ಚಿಮ ಗ್ಯಾಲರಿ
ಸ್ವಲ್ಪ ಬದಿಗೆ ಸರಿಯುತ್ತೇನೆ. 2022ರ ಅಕ್ಟೋಬರ್‌ನಲ್ಲಿ ನವಿ ಮುಂಬೈನಲ್ಲಿ ನಡೆದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್ ನೋಡಲು ಹೋಗಿದ್ದೆ, ಸ್ಪೇನ್ ಕೊಲಂಬಿಯಾವನ್ನು 1-0ರಿಂದ ಸೋಲಿಸಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ವಿಕಿ ಲೋಪೆಸ್ ಪಾಲಾಯಿತು. ಆ ಹುಡುಗಿಯರ ವಯಸ್ಸಿನಲ್ಲಿ ಹೆರ್ಮೊಸೊ ಪೀಳಿಗೆಯವರಿಗೆ ಇಂಥ ಮೈದಾನ, ಇಂಥ ತರಬೇತಿ ಯಾವುದೂ ಇರಲಿಲ್ಲ. ಹುಡುಗಿಯರು ಚೆಂಡು ಹಿಡಿದು ತಿರುಗುವ ರೀತಿ ನೋಡಿದಾಗ, ಒಬ್ಬರೂ ಮುಂದೆ ಸುಮ್ಮನೆ ಕಾದು ನಿಲ್ಲುತ್ತಿರಲಿಲ್ಲ. ಸ್ಟ್ರೈಕರ್ ಎಂದರೆ ಪಾಸ್ ಕೊಡಲೂ ಬರಬೇಕು ಎಂಬುದು ಅಲ್ಲಿ ಈಗ ಶಾಲೆಯ ಪಾಠದಂತಾಗಿದೆ.

ತುಂಗಾತೀರ
ಬಹಳ ಒಳ್ಳೆಯ ಗಮನಿಕೆ. ನಾನು ಮೊದಲ ಸಾಲಿನಲ್ಲಿ ಹೇಳಲು ಹೊರಟದ್ದು ಇದನ್ನೇ.

ಒಂಬತ್ತನೇ ನಂಬರ್
ಹಾಗಾದರೆ ಮೆಕ್ಸಿಕೊದಲ್ಲಿ ಅವರು ಎಲ್ಲಿ ಆಡಿದರು? 2022ರಲ್ಲಿ ಪಚೂಕಾ ಸೇರಿದಾಗ ಯುರೋಪಿನ ದೊಡ್ಡ ಕ್ಲಬ್‌ಗಳನ್ನು ಬಿಟ್ಟು ಅಲ್ಲಿಗೇಕೆ ಎಂದು ಹುಬ್ಬೇರಿಸಿದವರಲ್ಲಿ ನಾನೂ ಇದ್ದೆ.

ಗಡಿ ರೇಖೆ
ಪಚೂಕಾದಲ್ಲಿ ಚಾರ್ಲಿನ್ ಕೊರ್ರಾಲ್ ಎಂಬ ಅಪ್ಪಟ ಸ್ಟ್ರೈಕರ್ ಇದ್ದರು, ಕೊರ್ರಾಲ್ ಹಿಂದೆ ಹೆರ್ಮೊಸೊ ಸ್ವತಂತ್ರವಾಗಿ ಓಡಾಡುತ್ತಿದ್ದರು. ವಿಶ್ವಕಪ್‌ನಲ್ಲಿ ಮಧ್ಯಭಾಗಕ್ಕೆ ಹೋದಾಗ ಅವರಿಗೆ ಅದು ಹೊಸ ಜಾಗವಾಗಿರಲಿಲ್ಲ. 2024ರಲ್ಲಿ ಮಾಂಟೆರೆಯ ಟಿಗ್ರೆಸ್ ಕ್ಲಬ್ ಸೇರಿದರು. ಮೆಕ್ಸಿಕೊ ಎಂದರೆ ನಿವೃತ್ತಿಗೆ ಮುಂಚಿನ ವಿಶ್ರಾಂತಿ ಎಂದುಕೊಂಡವರು ಅಲ್ಲಿಯ ಲೀಗ್‌ನ ಪಂದ್ಯಗಳನ್ನು ಒಮ್ಮೆ ನೋಡಬೇಕು, ಪ್ರೇಕ್ಷಕರ ಸಂಖ್ಯೆ ನೋಡಿದರೇ ಬೆರಗಾಗುತ್ತೀರಿ.

ಹಳೇ ಗೋಲಿ
2025ರ ಯುರೋಗೆ ತೋಮೆ ಹೆರ್ಮೊಸೊ ಅವರನ್ನು ಆರಿಸಲಿಲ್ಲ. ಬಾಸೆಲ್ ಫೈನಲ್‌ನಲ್ಲಿ ಸ್ಪೇನ್ ಇಂಗ್ಲೆಂಡ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಒದ್ದ ನಾಲ್ವರಲ್ಲಿ ಗೋಲು ಮಾಡಿದವರು ಪತ್ರಿ ಗಿಹಾರೊ ಒಬ್ಬರೇ, ಮರಿಯೋನಾ, ಐತಾನಾ, ಸಲ್ಮಾ ಮೂವರೂ ವಿಫಲರಾದರು. ಇದನ್ನು ನೋಡಿದ ಮೇಲೆ ಹೆರ್ಮೊಸೊ ಪೆನಾಲ್ಟಿ ಬಗ್ಗೆ ನಾನು ಮೇಲೆ ಬರೆದ ಮಾತಿನ ಖಾರವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು, ಪೂರ್ತಿ ಹಿಂತೆಗೆದುಕೊಳ್ಳಲಾರೆ.

ಮೂರು ಕಂಬ
ಯುರೋ ನಂತರ ತೋಮೆ ಹೋಗಿ ಸೋನಿಯಾ ಬೆರ್ಮುದೆಸ್ ಬಂದರು, ಅಕ್ಟೋಬರ್‌ನ ಪಟ್ಟಿಗೆ ಹೆರ್ಮೊಸೊ ಅವರನ್ನು ಮತ್ತೆ ಕರೆದರು. ಬೆರ್ಮುದೆಸ್ ಅವರೂ ಸ್ಟ್ರೈಕರ್, ಲೀಗ್‌ನ ಗೋಲು ಪಟ್ಟಿಯಲ್ಲಿ ಹಲವು ಬಾರಿ ಮೊದಲಿಗರಾದವರು. 2010-11ರ ರಾಯೊ ತಂಡದಲ್ಲೂ ಆಮೇಲೆ ಬಾರ್ಸಿಲೋನಾದಲ್ಲೂ ಇಬ್ಬರೂ ಒಟ್ಟಿಗೆ ಆಡಿದ್ದಾರೆ. ಹೆರ್ಮೊಸೊ ಎಲ್ಲಿ ನಿಂತರೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಂಜೆ ಲೀಗ್
2027ರ ಬ್ರೆಜಿಲ್ ವಿಶ್ವಕಪ್ ಹೊತ್ತಿಗೆ ಅವರಿಗೆ 37 ತುಂಬಿರುತ್ತದೆ. ಗೆಳೆತನಕ್ಕಾಗಿ ಒಂದು ಜಾಗ ತಡೆಹಿಡಿದರೆ ವಿಕಿ ಲೋಪೆಸ್, ಕ್ಲೌದಿಯಾ ಪಿನಾ ಅಂಥವರಿಗೆ ಅನ್ಯಾಯವಾಗುತ್ತದೆ.

ಕರಾವಳಿ ಕಿಕ್
ಬ್ರೆಜಿಲ್‌ನ ಫಾರ್ಮಿಗಾ 41ನೇ ವಯಸ್ಸಿನಲ್ಲಿ 2019ರ ವಿಶ್ವಕಪ್ ಆಡಿದರು, ಅದೂ ಎಲ್ಲರಿಗಿಂತ ಹೆಚ್ಚು ಓಡಬೇಕಾದ ಮಧ್ಯಭಾಗದಲ್ಲಿ. ಹೆರ್ಮೊಸೊ ಆಟ ಎಂದೂ ಓಟದ ಮೇಲೆ ನಿಂತದ್ದಲ್ಲ. ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಿದರೂ ಸಾಕು.

ಸಂಜೆ ಲೀಗ್
ಇಪ್ಪತ್ತು ನಿಮಿಷಕ್ಕಾದರೆ ನನ್ನ ಅಡ್ಡಿಯಿಲ್ಲ. ಆದರೆ ಗೋಲುಪೆಟ್ಟಿಗೆಯ ಮುಂದೆಯೇ ನಿಲ್ಲಿಸಲಿ, ಹಿಂದಕ್ಕೆ ಕಳಿಸಿದರೆ ಈ ಎಳೆಯನ್ನು ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ.